ಚುಕ್ಕಿಯ ಮುಂದಿನ ಜಾಗ

ಜೋರಾಗಿ ಓದುತ್ತಿದ್ದ ದೇವಕ್ಕನ ಉಸಿರು ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕಟ್ಟಿತು. ಹಾಳೆ ತೊಡೆಯ ಮೇಲಿಟ್ಟು, ಸೆರಗಿನ ಗಂಟಿನಿಂದ ದಮ್ಮಿನ ಪಂಪು ತೆಗೆದಳು.

ನಾಳೆ ಶಿದ್ದಪ್ಪನ ವರ್ಷದ ಪುಣ್ಯಸ್ಮರಣೆ. ಅಲ್ಲಿ ಓದಲೆಂದು, ಗಂಡನ ಬಗ್ಗೆ ಆಕೆ ಬಾಯಲ್ಲಿ ಹೇಳಿದ್ದನ್ನು ಮಗ ಗುರುಬಸವ ಮಾಳಮಡ್ಡಿಯ ತನ್ನ ಈ ಡಿಟಿಪಿ ಅಂಗಡಿಯಲ್ಲೇ ಟೈಪು ಮಾಡಿ, ಒಂದೇ ಹಾಳೆಯಲ್ಲಿ ಕೂಡಿಸಿದ್ದ.

"ಮುಜಾಫರ ಕಾಕಾ ಓದಲಿ ಬಿಡವಾ. ಮಂದಿ ಮುಂದ ಹಿಂಗಾದ್ರ?"

"ನನ್ನ ಗಂಡನ ಸುದ್ದಿ ಇನ್ನೊಬ್ಬರ ಬಾಯಾಗ ಯಾಕ? ನಾನ ಓದಾಕಿ."

ಸ್ಟೂಲಿನ ಮೇಲಿದ್ದ ಮುಜಾಫರ, ಶಿದ್ದಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಪ್ರೆಸ್ಸಿನಲ್ಲೇ ಮಷಿನ್ ಓಡಿಸಿದವನು. ಹಾಳೆಯನ್ನು ಕೈಯುದ್ದ ದೂರ ಹಿಡಿದು ನೋಡಿದ.

"ಇದರಾಗ ನಿಮ್ಮಪ್ಪನ ಖಿಡಕಿ ಎಲ್ಲಿ ಹೋದುವೋ? ಎಲ್ಲಾ ಗ್ವಾಡಿ ಕಟ್ಟಿಟ್ಟಿ!"

ಗುರುಬಸವನಿಗೆ ಅರ್ಥವಾಯಿತು. ಅಪ್ಪ ಜೋಡಿಸಿದ ಪುಟಗಳಲ್ಲಿ ಪ್ರತಿ ವಾಕ್ಯ ಮುಗಿದಲ್ಲಿ ಹಲ್ಲು ಬಿದ್ದಂತೆ ಬಿಳಿ ಜಾಗ ಇರುತ್ತಿತ್ತು; ಮುಜಾಫರ ಕಿಟಕಿ ಅಂದದ್ದು ಅದಕ್ಕೇ. ಇವನ ಅಂಗಡಿಗೆ ಮುದುಕರು ಟೈಪು ಮಾಡಿ ತರುವ ಬರಹದಲ್ಲೂ ಚುಕ್ಕಿಯ ಮುಂದೆ ಎರಡೆರಡು ಸ್ಪೇಸ್ ಇರುತ್ತಿದ್ದವು. ಒಂದೇ ಕಮಾಂಡಿನಲ್ಲಿ ಹೆಚ್ಚಿನದನ್ನೆಲ್ಲ ತೆಗೆಯುವುದು ಇವನ ಮೊದಲ ಕೆಲಸ. ಅಪ್ಪನ ಹಾಳೆಗೂ ಅಪ್ಪನ ನೆನಪಿನಲ್ಲೇ ಎರಡೆರಡು ಒತ್ತಿದ್ದ. ಮುಗಿದ ಮೇಲೆ ಕೈ ರೂಢಿಯಂತೆ ಅದೇ ಕಮಾಂಡ್ ಕೊಟ್ಟಿತ್ತು.

"ಅದು ಹಳೇ ಪದ್ಧತಿರಿ, ಕಾಕಾ."

"ಎಲ್ಲೀ ಪದ್ಧತಿ! ನಮ್ಮ ಪ್ರೆಸ್ಸಿನ್ಯಾಗ ಅಂವ ಒಬ್ಬನ ಹಂಗ ಬಿಡತಿದ್ದ. ಅದೂ ನಿಮ್ಮವ್ವ ಪ್ರೂಫ್ ಓದಾಕ ಬಂದ ಮ್ಯಾಲೆ. ಈಕಿ ಜೋರಾಗಿ ಓದಾಕಿ, ಅಂವ ಮೂಲಪ್ರತಿ ನೋಡಾಂವ. ಈಕಿಗೆ ಆಗಲೂ ಇದ ದಮ್ಮು. ಒಮ್ಮೆ ಚಾಲೂ ಮಾಡಿದ್ಲಂದ್ರ ನಿಂದರಾಕಿನೂ ಅಲ್ಲ. ಅದಕ್ಕ ಅಂವ ಚುಕ್ಕಿ ಬಂದಲ್ಲೆಲ್ಲಾ ಇನ್ನೊಂದು ಖಾಲಿ ಸೀಸದ ತುಂಡು ತುರುಕಿದ. ಕಾಗದ ದಂಡ ಅಂತ ಮಾಲಕ ಬೈದ್ರೂ ಬಿಡಲಿಲ್ಲ."

ದೇವಕ್ಕ ಪಂಪಿನ ಮುಚ್ಚಳ ಹಾಕುವುದನ್ನು ನಿಲ್ಲಿಸಿದಳು.

"ಖರೇನ? ನಾ ಅವರ ಕೈನ ಹಂಗೈತಿ ಅನ್ಕೊಂಡಿದ್ದೆ."

"ಅಂವ ನಿಮಗ ಹೇಳಿರಲಿಲ್ಲೇನು?"

"ಉಪ್ಪು ಕಡಿಮಿ ಆದ್ರೂ ಹೇಳತಿರಲಿಲ್ಲ, ಇದನ್ನೇನ ಹೇಳತಾರ!"

ಮುಜಾಫರ ನಕ್ಕ. ಗುರುಬಸವ ಕಂಪ್ಯೂಟರಿನ ಕಡೆ ತಿರುಗಿದ. ತೆಗೆದದ್ದನ್ನು ಮರಳಿಸಲು ಕಮಾಂಡ್ ಹುಡುಕಲಿಲ್ಲ. ಒಂದೊಂದು ಚುಕ್ಕಿಯ ಮುಂದೆಯೂ ಕರ್ಸರ್ ಇಟ್ಟು, ಕೈಯಿಂದಲೇ ಇನ್ನೊಂದು ಸ್ಪೇಸ್ ಒತ್ತುತ್ತ ಹೋದ. ಕೆಳಗಿನ ಸಾಲು ಜಾರಿ ಮುಂದಿನ ಪುಟಕ್ಕೆ ಬಿತ್ತು.

"ಎರಡನೇ ಹಾಳಿ ಹತ್ತತೈತಲ್ಲೋ," ಎಂದಳು ದೇವಕ್ಕ.

"ಹತ್ತಲಿ ಬಿಡವಾ."

ಪ್ರಿಂಟರಿನಿಂದ ಬಂದ ಹಾಳೆ ಇನ್ನೂ ಬೆಚ್ಚಗಿತ್ತು. ಆಕೆ ಓದತೊಡಗಿದಳು. ಜಾಗ ಬಂದಲ್ಲಿ ನಿಂತು ಉಸಿರೆಳೆದುಕೊಂಡಳು. ಮತ್ತೆ ಓದಿದಳು. ಪಂಪು ಮೇಜಿನ ಮೇಲೆಯೇ ಉಳಿಯಿತು.

ಎರಡನೆಯ ಹಾಳೆಯಲ್ಲಿ ಇದ್ದದ್ದು ಒಂದೇ ವಾಕ್ಯ: ಅವರು ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ.

ಅದನ್ನೂ ಓದಿ, ದೇವಕ್ಕ ಚುಕ್ಕಿಯ ಮುಂದಿನ ಬಿಳಿ ಕಾಗದದ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೂತಳು.