ಬಾಟಲಿಯ ತಳದ ಗಷ್ಟು

ಶಿಕಾರಿಪುರದ ದನದ ಆಸ್ಪತ್ರೆಯಿಂದ ಕರುಳುಬೇನೆಯ ಲಸಿಕೆ ತಂದದ್ದು ಬಂಗಾರಪ್ಪ. ಒಂದೇ ಬಾಟಲಿ, ನಲವತ್ತು ಕುರಿಗೆ. ಮೂವತ್ತು ಅವನವು, ಉಳಿದ ಹತ್ತು ಅವನ ತೀರಿಹೋದ ತಮ್ಮನ ಹೆಂಡತಿ ಮಾಳಮ್ಮನವು. ಆ ಹತ್ತೇ ಅವಳ ಬದುಕು.

"ಚೆನ್ನಾಗಿ ಕುಲುಕಿ ಹಾಕ್ರಿ," ಎಂದಿದ್ದರು ಡಾಕ್ಟರ್ ಸಂಗೀತ.

ಹಟ್ಟಿಗೆ ಬರುವಷ್ಟರಲ್ಲಿ ತಳದಲ್ಲಿ ಬೆಳ್ಳನೆಯ ಗಷ್ಟು ಕೂತಿತ್ತು. ಬಂಗಾರಪ್ಪ ನಕ್ಕ. ಕೆರೆಯ ಕೆನ್ನೀರಿಗೆ ಪಟಿಕ ತಿಕ್ಕಿ, ಕೊಳೆ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿ ಕುಡಿದು ಬೆಳೆದವನು ಅವನು. ಕೂತ ಕೊಳೆಯನ್ನು ಕುಲುಕಿ ಎಬ್ಬಿಸುವುದು ಓದಿದವರಿಗೆ ಮಾತ್ರ ಹೊಳೆಯುವ ಬುದ್ಧಿ. ಬಾಟಲಿ ಅಲುಗದಂತೆ ಹಿಡಿದು, ಮೇಲಿನ ತಿಳಿಯನ್ನೇ ಸಿರಿಂಜಿಗೆ ಎಳೆದೆಳೆದು, ದೇವರ ಹೆಸರು ಹೇಳಿ ತನ್ನ ಮೂವತ್ತಕ್ಕೂ ಚುಚ್ಚಿದ. ಉಳಿದದ್ದನ್ನು ಮಾಳಮ್ಮನ ಕೈಗಿಟ್ಟ.

"ಇದೇನ್ ಭಾವ, ಮಜ್ಜಿಗಿ ಇದ್ದಂಗೈತೆ?"

"ಪುಕ್ಕಟೆ ಬಂದದ್ದಕ್ಕೂ ಹೆಸರಿಡ್ತೀಯಲ್ಲ. ಹಾಕು ಸುಮ್ನೆ."

ಮೂರನೆಯ ದಿನ ಅವಳ ಕುರಿಗಳಿಗೆ ಚುಚ್ಚಿದ ಜಾಗದಲ್ಲಿ ಗಂಟು ಎದ್ದವು. ಬಂಗಾರಪ್ಪನವು ನುಣ್ಣಗಿದ್ದವು. "ಕೈಗುಣ ಅಂದ್ರೆ ಇದು ನೋಡ್ರಪ್ಪಾ," ಎಂದು ಹಟ್ಟಿಗೆಲ್ಲ ತೋರಿಸಿದ. ಮಾಳಮ್ಮ ದಿನವೂ ಒಂದೊಂದೇ ಗಂಟು ಮುಟ್ಟಿ ನೋಡಿ, ಅನ್ನ ಸೇರದೆ ಕೂತಳು.

ಮುಂಗಾರು ಬಿತ್ತು. ಕುರಿಗಳೆಲ್ಲ ಎಳೆ ಹುಲ್ಲಿಗೆ ಮುಗಿಬಿದ್ದವು. ಒಂದೇ ವಾರದಲ್ಲಿ ಬಂಗಾರಪ್ಪನ ಆರು ಕುರಿ ಹೊಟ್ಟೆ ಉಬ್ಬಿ, ಕಾಲು ಬಡಿದು ಸತ್ತವು. ಮಾಳಮ್ಮನದು ಒಂದೂ ಹೋಗಲಿಲ್ಲ.

ಡಾಕ್ಟರ್ ಬಂದು ನಡೆದದ್ದನ್ನೆಲ್ಲ ಕೇಳಿ ಹಣೆ ಹಿಡಿದುಕೊಂಡರು. "ಯಜಮಾನ್ರೇ, ಆ ಬಿಳೇದು ನಿಮ್ಮ ಪಟಿಕದ ಜಾತಿದೇ. ಲಸಿಕೆ ಅದಕ್ಕೇ ಅಂಟ್ಕೊಂಡಿರ್ತದೆ. ಅದು ಚುಚ್ಚಿದ ಕಡೆ ಕೂತು ಗಲಾಟೆ ಮಾಡಿದ್ರೇನೇ ಮೈ ಎಚ್ಚರಾಗಿ ರೋಗದ ಗುರುತು ಹಿಡಿಯೋದು. ಗಂಟು ಎದ್ದದ್ದು ಅದಕ್ಕೇ. ನಿಮ್ಮವಕ್ಕೆ ಹೋಗಿದ್ದು ಹೆಚ್ಚುಕಮ್ಮಿ ಬರೀ ನೀರು."

ಬಂಗಾರಪ್ಪ ಸುತ್ತ ನಿಂತವರ ಕಡೆ ತಿರುಗಿ, "ತಮ್ಮನ ಹೆಂಡ್ತಿ, ಗಂಡ ಇಲ್ಲದೋಳು. ಸತ್ವ ಆಕೆಗಿರ್ಲಿ ಅಂತ ನಾನೇ ಬಿಟ್ಟಿದ್ದು," ಎಂದ.

ಹಿರಿಯರು ತಲೆದೂಗಿದರು. ಮಾಳಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಅಳುತ್ತಿದ್ದಾಳೆಂದೇ ಎಲ್ಲರೂ ತಿಳಿದರು.

ಎಲ್ಲ ಕುರಿಗೂ ಇನ್ನೊಂದು ಸುತ್ತು ಹಾಕಲೆಂದು ಡಾಕ್ಟರ್ ತಂದಿದ್ದ ಹೊಸ ಬಾಟಲಿ ಈ ಸಲ ಅವಳ ಕೈಗೆ ಹೋಯಿತು. ಎರಡೂ ಕೈಯಲ್ಲಿ ಹಿಡಿದು, ಒಳಗಿನದೆಲ್ಲ ಒಂದೇ ಬಣ್ಣವಾಗುವ ತನಕ ಕುಲುಕಿದಳು.

"ಭಾವ, ಮೊದಲು ನಿಮ್ಮವಕ್ಕೇ ಹಾಕ್ಲಾ?"

"ಬ್ಯಾಡ ಬ್ಯಾಡ!" ಬಂಗಾರಪ್ಪ ಗಾಬರಿಯಾದ. "ನಿನ್ನವು ಮೊದ್ಲು ಆಗ್ಲಿ. ಕಡೀದು ನನಗಿರ್ಲಿ."

ಮಾಳಮ್ಮ ತನ್ನ ಮೊದಲ ಕುರಿಯ ಕತ್ತು ಹಿಡಿದು, ಬಾಟಲಿಯನ್ನು ಇನ್ನೊಮ್ಮೆ ಕುಲುಕಿದಳು.