ಕತ್ತರಿಸದ ಕೋತಿ

ಟೈಲರಮ್ಮನ ಅಂಗಡಿಯಲ್ಲಿ ಎರಡು ಬೀರುಗಳಿದ್ದವು. ಒಂದರಲ್ಲಿ ಗಿರಾಕಿಗಳ ಬಟ್ಟೆ, ಇನ್ನೊಂದರಲ್ಲಿ ಅವಳ ಹುಚ್ಚು. ಹೊಲಿಯಲು ಕೊಟ್ಟ ಕೋಟು ಹದಿನೈದು ದಿನ ತಡವಾಗಿ ಮೊಳೆಗೆ ತೂಗುತ್ತಿದ್ದರೂ ಅವಳಿಗೆ ಚಿಂತೆಯಿರಲಿಲ್ಲ. ಗಾಜಿನ ಬಾಗಿಲಿನ ಆ ಎರಡನೆಯ ಬೀರುವಿನ ಮೇಲೆ ಒಂದಿಷ್ಟು ಧೂಳು ಕೂತರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಒಳಗಿದ್ದದ್ದು ಮಕ್ಕಳ ಹಾಡಿನ ಪುಸ್ತಕಗಳು. ಇವತ್ತಿನವಲ್ಲ, ಅರವತ್ತು ಎಂಬತ್ತು ವರ್ಷಗಳ ಹಿಂದೆ ಅಚ್ಚಾದವು. ಪುಟಕ್ಕೊಂದು ಪದ್ಯ, ಪದ್ಯಕ್ಕೊಂದು ಬಣ್ಣದ ಚಿತ್ರ. ಹುಂಜದ ಜುಟ್ಟಿನ ಕೆಂಪು ಗೆರೆ ದಾಟಿ ಆಕಾಶಕ್ಕೂ ಹತ್ತಿರುತ್ತಿತ್ತು. ಅದನ್ನು ತೋರಿಸಿ, "ನೋಡಿ, ಅಚ್ಚಿನವನಿಗೆ ಆವತ್ತು ಯಾರೋ ಬೈದಿರ್ಬೇಕು" ಎಂದು ನಗುತ್ತಿದ್ದಳು.

ಮಕ್ಕಳ ಪುಸ್ತಕ ಕೂಡಿಸುವವರ ಕಷ್ಟ ಬೇರೆಯವರಿಗೆ ತಿಳಿಯುವುದಿಲ್ಲ. ಕಾನೂನಿನ ಪುಸ್ತಕ ನೂರು ವರ್ಷ ಹಾಗೇ ಇರುತ್ತದೆ, ಅದನ್ನು ಯಾರು ತಾನೇ ಅಪ್ಪಿಕೊಂಡು ಮಲಗುತ್ತಾರೆ? ಮಕ್ಕಳ ಪುಸ್ತಕಕ್ಕೆ ಆ ಭಾಗ್ಯವಿಲ್ಲ. ಮೂಲೆ ಚೀಪಿರುತ್ತಾರೆ, ರಾಜನಿಗೆ ಕನ್ನಡಕ ಬರೆದಿರುತ್ತಾರೆ, ಕಾಗೆಯ ಕಣ್ಣಿಗೆ ತೂತು ಮಾಡಿರುತ್ತಾರೆ. ಕಲೆಯಿಲ್ಲದ ಒಂದೇ ಒಂದು ಪ್ರತಿಗಾಗಿ ಟೈಲರಮ್ಮ ರದ್ದಿ ಅಂಗಡಿಗಳ ಗೋಣಿಚೀಲಗಳಲ್ಲಿ ಮೊಣಕೈವರೆಗೂ ಕೈ ತೂರಿಸಿ ಇಪ್ಪತ್ತಾರು ವರ್ಷ ಕಳೆದಿದ್ದಳು. ಸಿಕ್ಕದ್ದನ್ನು ಒಳಗಿನ ಬಣ್ಣ ಕಾಣುವಂಥ ತೆಳು ಬೆಣ್ಣೆ ಕಾಗದದಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಬೀಗ ಜಡಿಯುತ್ತಿದ್ದಳು. ಅವಳ ಮೊಮ್ಮಗಳು ಗಾಜಿಗೆ ಮೂಗು ಒತ್ತಿ ಒಳಗಿನ ಹುಂಜವನ್ನು ನೋಡುತ್ತಿದ್ದಳು. ಆ ಮೂಗಿನ ಗುರುತನ್ನು ಒರೆಸುವುದು ಟೈಲರಮ್ಮನ ಪ್ರತಿ ಸಂಜೆಯ ಕೆಲಸ.

ಅವಳಿಗೆ ದಕ್ಕದೆ ಉಳಿದದ್ದು ಒಂದೇ ಪುಸ್ತಕ. ಪುಸ್ತಕವೇನೋ ಇತ್ತು, ಮೂರು ಪ್ರತಿ ಇತ್ತು, ಆದರೆ ಮೂರರಲ್ಲೂ ಕೊನೆಯ ಹಾಳೆ ಇರಲಿಲ್ಲ. ಆ ಹಾಳೆ ದಪ್ಪ ಕಾಗದದ್ದು. ಅದರ ಮೇಲೆ ಡೋಲು ಬಡಿಯುವ ಕೋತಿಯ ತಲೆ, ಹೊಟ್ಟೆ, ಕೈಕಾಲು, ಬಾಲ ಎಲ್ಲ ಬೇರೆಬೇರೆಯಾಗಿ ಅಚ್ಚಾಗಿದ್ದವಂತೆ. ಕತ್ತರಿಸಿ, ದಾರದಿಂದ ಕೂಡಿಸಿ, ಬೆನ್ನ ಹಿಂದಿನ ಎಳೆ ಜಗ್ಗಿದರೆ ಕೋತಿ ಡೋಲು ಬಡಿಯುತ್ತಿತ್ತಂತೆ. ರಟ್ಟಿನ ಹೊರಬದಿಯಲ್ಲಿ ಅದರ ಹಾಡು:

ಡೊಳ್ಳು ಹೊಟ್ಟೆ ಕೋತಿರಾಯ
ಡೋಲು ಎಲ್ಲಿ ತಂದೆ?
ಎತ್ತು ಕೈಯ, ಎತ್ತು ಕಾಲ,
ಮಿಕ್ಕ ಮಾತು ಮುಂದೆ!

ಕೈಯಲ್ಲಿ ಕತ್ತರಿ ಇರುವ ಯಾವ ಮಗು ಆ ಹಾಳೆಯನ್ನು ಉಳಿಸೀತು? ದೂರದೂರಿನಲ್ಲಿದ್ದ ಹಲ್ಲಿನ ಡಾಕ್ಟರೊಬ್ಬರು ಇಂಥದೇ ಆರುನೂರು ಪುಸ್ತಕ ಕೂಡಿಸಿದ್ದರು. ತಿಂಗಳಿಗೊಂದು ಕಾಗದ ಬರೆದು ಇವಳ ಹೊಟ್ಟೆ ಉರಿಸುವುದು ಅವರ ಹವ್ಯಾಸ. ಅವರೇ ಬರೆದಿದ್ದರು: "ಆ ಹಾಳೆ ಇರುವ ಪ್ರತಿ ಭೂಮಿಯ ಮೇಲಿಲ್ಲ. ನೀವೂ ಕೈ ತೊಳೆದುಕೊಳ್ಳಿ." ಟೈಲರಮ್ಮ ಕೈ ತೊಳೆದುಕೊಳ್ಳಲಿಲ್ಲ. ಸತ್ತರೂ ಆ ಹಾಳೆ ನೋಡಿಯೇ ಸಾಯುವುದೆಂದು ಹಟ ಹಿಡಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ನರ್ಸು ತನ್ನ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಳು. ಅಳತೆ ಕೊಡುತ್ತ ನಿಂತವಳ ಕಣ್ಣು ಗಾಜಿನ ಬೀರುವಿನ ಮೇಲೆ ಬಿತ್ತು.

"ಅರೆ, ಆ ಹಸಿರು ಪುಸ್ತಕ ನಮ್ಮಮ್ಮನ ಹತ್ರಾನೂ ಇದೆ. ಕೋತಿದು."

ಟೈಲರಮ್ಮನ ಬಾಯಲ್ಲಿದ್ದ ಗುಂಡುಸೂಜಿ ಗಂಟಲಿಗೆ ಇಳಿಯದಿದ್ದದ್ದು ಅವಳ ಪುಣ್ಯ. "ಕೊನೇ ಹಾಳೆ ಇದೆಯಾ? ದಪ್ಪ ಹಾಳೆ?"

"ಅದ್ಯಾವ್ದೋ ನಂಗೊತ್ತಿಲ್ಲಮ್ಮ. ನಮ್ಮನ್ನ ಮುಟ್ಟೋಕೇ ಬಿಟ್ಟಿಲ್ಲ. ವರ್ಷಕ್ಕೊಂದ್ಸಲ ಒಬ್ಳೇ ತೆಗೀತಾಳೆ, ಒಬ್ಳೇ ಇಡ್ತಾಳೆ."

ಆ ಕೋಟಿನ ತೋಳು ಮಾರನೆಯ ದಿನವೇ ಸಿದ್ಧವಾಯಿತು. ಅಂಗಡಿ ಇಟ್ಟಂದಿನಿಂದ ಅಷ್ಟು ಬೇಗ ಯಾರ ಬಟ್ಟೆಯೂ ಆದದ್ದಿಲ್ಲ. ಟೈಲರಮ್ಮ ತಾನೇ ಅದನ್ನು ಹಿಡಿದುಕೊಂಡು ನರ್ಸಿನ ಮನೆಗೆ ಹೋದಳು.

ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ನರ್ಸಿನ ತಾಯಿ ಕೂತಿದ್ದಳು, ಎಂಬತ್ತು ದಾಟಿದ ಅಜ್ಜಿ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಮಂಜು ಮಂಜಾದ ಬೆಳಕು ಉಳಿದಿತ್ತು. ಟೈಲರಮ್ಮ ಬಂದ ಕೆಲಸ ಹೇಳಿದಳು. ಅಜ್ಜಿ ಮಗಳಿಗೆ ಕಪಾಟಿನ ಮೇಲಿನ ತಗಡಿನ ಡಬ್ಬಿ ಇಳಿಸಲು ಹೇಳಿದಳು.

ಹಸಿರು ರಟ್ಟು ಹೊಚ್ಚ ಹೊಸದಾಗಿತ್ತು. ಟೈಲರಮ್ಮ ಕೈ ಒರೆಸಿಕೊಂಡು, ಉಸಿರು ಬಿಗಿಹಿಡಿದು ಪುಟ ತಿರುವಿದಳು. ಒಂದು ಕಲೆಯಿಲ್ಲ, ಒಂದು ಮಡಿಕೆಯಿಲ್ಲ. ಕೊನೆಗೆ ಅದು ಬಂತು. ದಪ್ಪ ಹಾಳೆಯ ಮೇಲೆ ಕೋತಿಯ ತಲೆ ಒಂದು ಕಡೆ, ಡೋಲು ಒಂದು ಕಡೆ, ಕೈಕಾಲು ನಾಲ್ಕು ದಿಕ್ಕಿಗೆ. ಬಾಲ ಮೇಲೊಂದು ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿತ್ತು. ಚುಕ್ಕಿ ಚುಕ್ಕಿ ಗೆರೆಯ ಮೇಲೆ ಯಾವ ಕತ್ತರಿಯೂ ಓಡಿರಲಿಲ್ಲ.

"ಅಯ್ಯೋ ಅಜ್ಜಿ, ಎಷ್ಟು ಚೆನ್ನಾಗಿ ಇಟ್ಟಿದ್ದೀರಿ!" ಎಂದಳು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. "ಮಕ್ಕಳಿರೋ ಮನೇಲಿ ಇದನ್ನ ಹೀಗೆ ಉಳಿಸೋದು ಅಂದ್ರೆ ಸಾಮಾನ್ಯನಾ? ಒಂದು ಬೆರಳಿನ ಗುರುತೂ ಇಲ್ಲ!"

ನರ್ಸು ತಟ್ಟನೆ ಮುಖ ತಿರುಗಿಸಿದಳು. ಪುಸ್ತಕದವರು ಪುಸ್ತಕದವರಿಗೆ ಹೇಳಬಹುದಾದ ಅತಿ ದೊಡ್ಡ ಹೊಗಳಿಕೆ ಅದು, ಅದನ್ನು ಟೈಲರಮ್ಮ ಹೇಳಬಾರದ ಮನೆಯಲ್ಲಿ ಹೇಳಿದ್ದಳು. ಮಾತು ಆಡಿದರೆ ಹೋಯಿತು.

"ಹೌದು ತಾಯಿ," ಅಂದಳು ಅಜ್ಜಿ. "ಚೆನ್ನಾಗೇ ಇಟ್ಟೆ. ನನ್ನ ದೊಡ್ಡ ಮಗನದು. ಇವಳು ಹುಟ್ಟೋಕೆ ಮುಂಚೆ. ಅವನಪ್ಪ ತಂದುಕೊಟ್ಟಾಗ ಐದು ವರ್ಷ. ದಿನಾ ಬೆಳಿಗ್ಗೆ ಎದ್ದು ಅದೇ ಪಾಠ. 'ಅಮ್ಮ, ಇವತ್ತು ಕತ್ತರಿಸೋಣ್ವಾ?' ನೀನು ಹಾಳು ಮಾಡ್ತೀಯ, ಆರು ತುಂಬಲಿ, ಕತ್ತರಿ ಹಿಡಿಯೋಕೆ ಬರ್ಲಿ ಅಂತ ಮೇಲೆ ಎತ್ತಿಟ್ಟೆ. ಕೆಳಗೆ ನಿಂತು ಮೇಲೆ ನೋಡ್ಕೊಂಡು ಕೋತಿ ಹಾಡು ಹೇಳ್ತಿದ್ದ. ಆಮೇಲೆ ಜ್ವರ ಬಂತು. ಜ್ವರದಲ್ಲೂ ಕೇಳಿದ. ಮೊದ್ಲು ವಾಸಿ ಮಾಡ್ಕೋ, ಆಮೇಲೆ ಅಂದೆ. ಆಸೆ ಇದ್ರೆ ಬೇಗ ಏಳ್ತಾನೆ ಅಂದ್ಕೊಂಡೆ. ಐದನೇ ದಿನಕ್ಕೆ ಹೋದ."

ಕೆಳಗಿನ ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಟೈಲರಮ್ಮ ಹಾಳೆಯ ಮೇಲಿಂದ ಕೈ ತೆಗೆದಳು. ಇಂಥ ನೂರಾರು ಪುಸ್ತಕ ನೋಡಿದ್ದರೂ ಪುಸ್ತಕ ಹೊಸದಾಗಿ ಉಳಿಯಬೇಕಾದರೆ ಮಗುವಿಗೆ ಏನಾಗಿರಬೇಕು ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಕಣ್ಣು ಹಾಳೆಯನ್ನು ಬಿಟ್ಟು ಕದಲಲಿಲ್ಲ, ಅದನ್ನೂ ಹೇಳಿಬಿಡಬೇಕು.

"ಪುಸ್ತಕ ನಿಂಗೇ ಕೊಡ್ತೀನಿ," ಅಂದಳು ಅಜ್ಜಿ. "ಒಂದೇ ಮಾತು. ಕೋತೀನ ಕತ್ತರಿಸಿ, ಕಟ್ಟಿ, ಒಂದು ಸಲ ನನ್ನ ಮುಂದೆ ಕುಣಿಸ್ಬೇಕು. ಈ ಕಣ್ಣೂ ಇನ್ನೊಂದು ತಿಂಗಳು ಅಂದಿದಾರೆ ಡಾಕ್ಟ್ರು. ನಾನು ಪ್ರತಿ ವರ್ಷ ಅವನು ಹುಟ್ಟಿದ ದಿನ ಕತ್ತರಿ ಹಿಡ್ಕೊಂಡು ಕೂರ್ತೀನಿ. ಕೈ ಬರಲ್ಲ. ನೀನಾದ್ರೆ ಕತ್ತರೀಲೇ ಅನ್ನ ತಿನ್ನೋಳು."

"ಆಗ್ಲಿ ಅಜ್ಜಿ," ಎಂದಳು ಟೈಲರಮ್ಮ. "ಮನೆಗೆ ತಗೊಂಡು ಹೋಗ್ತೀನಿ. ಸಣ್ಣ ಕತ್ತರಿ ಅಲ್ಲಿದೆ."

ಆ ಮಾತು ಹೇಳುವಾಗ ಅವಳ ಮನಸ್ಸಿನಲ್ಲಿ ಮೋಸವಿರಲಿಲ್ಲ. ಮೋಸ ದಾರಿಯಲ್ಲಿ ಬಂದು ಸೇರಿಕೊಂಡಿತು. ಮೊದಲ ದಿನ ಕತ್ತರಿ ಸಾಣೆ ಹಿಡಿಸಿದಳು. ಎರಡನೆಯ ದಿನ ಬೆಳಕು ಸಾಲದು ಎಂದಳು. ಮೂರನೆಯ ದಿನ ಹಾಳೆಯ ಮುಂದೆ ಕೂತು, ಭೂಮಿಯ ಮೇಲೆ ಇಲ್ಲವೇ ಇಲ್ಲ ಎಂದ ಹಾಳೆಯನ್ನು ತಾನು ಕೈಯಾರೆ ಇಲ್ಲವಾಗಿಸುವುದು ಹೇಗೆ ಎಂದು ಅತ್ತಳು. ನಾಲ್ಕನೆಯ ದಿನ ಉಪಾಯ ಹೊಳೆಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬೀದಿಯ ಕೊನೆಯಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿಯಿತ್ತು. ಅಲ್ಲಿ ದಪ್ಪ ಕಾಗದದ ಮೇಲೆ ಹಾಳೆಯ ಬಣ್ಣದ ನಕಲು ತೆಗೆಸಿದಳು. ಅಜ್ಜಿಯ ಕಣ್ಣು ಹೇಗೂ ಮಂಜು, ಅವಳಿಗೆ ಬೇಕಾದದ್ದು ಕೋತಿ ಕುಣಿಯುವುದು, ಕುಣಿಯುತ್ತದಲ್ಲ, ಯಾರಿಗೇನು ನಷ್ಟ ಎಂದು ತನಗೆ ತಾನೇ ನೂರು ಸಲ ಹೇಳಿಕೊಂಡಳು. ನೂರು ಸಲ ಹೇಳಬೇಕಾಯಿತು ಅನ್ನುವುದರಲ್ಲೇ ಎಲ್ಲ ಇತ್ತು.

ಕೆಲಸದಲ್ಲಿ ಮಾತ್ರ ಮೋಸ ಮಾಡಲಿಲ್ಲ. ಕಿವಿಯ ಮಡಿಕೆ, ಬೆರಳಿನ ಸಂದು, ಬಾಲದ ಸುರುಳಿ, ಒಂದೂ ಗೆರೆ ತಪ್ಪದಂತೆ ಕತ್ತರಿಸಿದಳು. ಕೀಲುಗಳಿಗೆ ಅಂಗಿಯ ಸಣ್ಣ ಗುಂಡಿ ಇಟ್ಟು ಗುಂಡಿದಾರದಿಂದ ಬಿಗಿದಳು. ಎಳೆ ಜಗ್ಗಿದರೆ ಕೋತಿ ಎರಡೂ ಕೈ ಎತ್ತಿ ಟಪ್ಪೆಂದು ಡೋಲಿಗೆ ಬಡಿಯುತ್ತಿತ್ತು.

ಅದನ್ನು ಹಿಡಿದುಕೊಂಡು ಮೂರು ಮಹಡಿ ಹತ್ತಿದಳು. ಪುಸ್ತಕವೂ ಚೀಲದಲ್ಲೇ ಇತ್ತು. ಮನೆಯಲ್ಲಿ ಇಲಿಯ ಭಯವೆಂದು ಆ ನಾಲ್ಕಾರು ದಿನ ಅದನ್ನು ಕಂಕುಳಿನ ಕೂಸಿನ ಹಾಗೆ ಹೋದಲ್ಲೆಲ್ಲ ಒಯ್ಯುತ್ತಿದ್ದಳು.

ನರ್ಸು ಅಮ್ಮನ ಕುರ್ಚಿಯನ್ನು ಬಿಸಿಲಿಗೆ ಎಳೆದಳು. ಟೈಲರಮ್ಮ ಕೋತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಳೆ ಜಗ್ಗಿದಳು. ಟಪ್. ಇನ್ನೊಮ್ಮೆ ಜಗ್ಗಿದಳು. ಟಪ್ ಟಪ್. ಅಜ್ಜಿ ಕತ್ತು ಮುಂದೆ ಚಾಚಿ ನೋಡಿದಳು. ಅವಳ ಬಾಯಿ ತೆರೆಯಿತು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ ಹಾಡು ಶುರುಮಾಡಿದಳು, ಡೊಳ್ಳು ಹೊಟ್ಟೆ ಕೋತಿರಾಯ, ಡೋಲು ಎಲ್ಲಿ ತಂದೆ. ಹಾಡಿನ ಲೆಕ್ಕಕ್ಕೆ ಟೈಲರಮ್ಮ ಎಳೆ ಜಗ್ಗಿದಳು. ನರ್ಸು ಬಾಗಿಲಿಗೆ ಒರಗಿ ಅಳುತ್ತಿದ್ದಳು. ಅಮ್ಮ ಹಾಡಿದ್ದನ್ನು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ.

"ಇಲ್ಲಿ ಕೊಡು," ಎಂದು ಅಜ್ಜಿ ಕೈ ಚಾಚಿದಳು.

ಕೋತಿಯನ್ನು ಮಡಿಲಲ್ಲಿಟ್ಟುಕೊಂಡು ಹೊಟ್ಟೆಯ ಮೇಲೆ ಬೆರಳು ಆಡಿಸಿದಳು. ಬೆರಳು ಒಂದು ಕಡೆ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ನಿಂತಿತು. ಕೋತಿಯನ್ನು ಮೂಗಿನ ಹತ್ತಿರ ಹಿಡಿದಳು. ಮುಖದ ಮೇಲಿದ್ದ ನಗು ನಿಧಾನವಾಗಿ ಇಳಿಯಿತು.

"ಇದು ಅದಲ್ಲ," ಅಂದಳು.

ಕಣ್ಣು ಮುಚ್ಚಿ ಬಟ್ಟೆ ಮುಟ್ಟಿ, ಇದು ಹತ್ತಿ, ಇದು ಬೆರಕೆ ಎಂದು ಹೇಳುತ್ತಿದ್ದ ಟೈಲರಮ್ಮನಿಗೆ, ಬೆರಳಿಗೂ ಕಣ್ಣಿರುತ್ತದೆ ಎನ್ನುವುದು ಈ ಒಂದು ಕೆಲಸದಲ್ಲಿ ಮರೆತುಹೋಗಿತ್ತು.

"ಐವತ್ತೆಂಟು ವರ್ಷ ಆ ಹಾಳೆ ಮೇಲೆ ಕೈ ಆಡಿಸಿದೀನಿ ತಾಯಿ. ಅದು ಒರಟು. ಇದು ಜಾರತ್ತೆ."

"ಅಮ್ಮ, ಏನಂತಿದೀಯ?" ಎಂದು ನರ್ಸು ಹತ್ತಿರ ಬಂದಳು. ಟೈಲರಮ್ಮನ ಮುಖ ನೋಡಿ ಅಮ್ಮನ ಹೆಗಲ ಮೇಲೆ ಕೈಯಿಟ್ಟಳು.

ಟೈಲರಮ್ಮ ನೆಲದ ಮೇಲೆ ಕೂತಳು. ನಾಚಿಕೆಗೆ ಕಿವಿ ಸುಡುತ್ತಿತ್ತು. "ತಪ್ಪಾಯ್ತು ಅಜ್ಜಿ. ಪುಸ್ತಕ ಇಲ್ಲೇ ಇದೆ. ಈಗ್ಲೇ ಕತ್ತರಿಸ್ತೀನಿ, ನಿಮ್ಮ ಮುಂದೇನೇ ಕತ್ತರಿಸ್ತೀನಿ."

ಚೀಲದಿಂದ ಪುಸ್ತಕ ತೆಗೆದಳು. ಕೊನೆಯ ಹಾಳೆ ಬಿಡಿಸಿ ತೊಡೆಯ ಮೇಲಿಟ್ಟಳು. ಕೋತಿಯ ದಾರ ಸರಿಮಾಡಲು ಬೇಕಾದೀತೆಂದು ತಂದಿದ್ದ ಸಣ್ಣ ಕತ್ತರಿ ತೆರೆದು ಹಾಳೆಯ ಅಂಚನ್ನು ಅದರ ಬಾಯಿಗೆ ಕೊಟ್ಟಳು. ನಲವತ್ತು ವರ್ಷದಲ್ಲಿ ಎಂಥ ಬೆಲೆಯ ಬಟ್ಟೆಗೂ ಹಿಂಜರಿಯದ ಕೈ ಅದು. ಅಜ್ಜಿ ಕಣ್ಣು ಮುಚ್ಚಿ, ತಲೆ ವಾಲಿಸಿ, ಕತ್ತರಿಯ ಸದ್ದಿಗೆ ಕಾಯುತ್ತಿದ್ದಳು. ನರ್ಸೂ ಕಾಯುತ್ತಿದ್ದಳು. ಟೈಲರಮ್ಮ ಒಮ್ಮೆ ಉಸಿರೆಳೆದುಕೊಂಡಳು. ಬೆರಳು ಒತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಬೆರಳು ಒತ್ತಲಿಲ್ಲ. ಇನ್ನೊಮ್ಮೆ ಹೇಳಿಕೊಂಡಳು. ಕತ್ತರಿ ಬಾಯಿ ತೆರೆದೇ ಇತ್ತು.

ತುಂಬ ಹೊತ್ತಾದ ಮೇಲೆ ಅಜ್ಜಿ ಕಣ್ಣು ಬಿಟ್ಟಳು.

"ಬಿಡು," ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಟೈಲರಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು. "ಮುಚ್ಚಿ ಇಟ್ಕೋ. ತಗೊಂಡು ಹೋಗು. ನಿನ್ನ ಹತ್ರ ಹಾಳಾಗಲ್ಲ, ಚೆನ್ನಾಗಿ ನೋಡ್ಕೋತೀಯ. ನಾನೂ ಹಾಗೇ ನೋಡ್ಕೊಂಡೆ."

ಅಷ್ಟು ಹೇಳಿ ಅಜ್ಜಿ ಕಿಟಕಿಯ ಕಡೆ ತಿರುಗಿದಳು. ಟೈಲರಮ್ಮ ಬೇಡ ಅನ್ನಬೇಕಿತ್ತು. ಪುಸ್ತಕವನ್ನು ಆ ಮಡಿಲಲ್ಲಿಟ್ಟು ಕಾಲು ಮುಟ್ಟಿ ಎದ್ದು ಬರಬೇಕಿತ್ತು. ಅವಳು ಕಣ್ಣೊರೆಸಿಕೊಂಡಳು. ಹಾಳೆಯ ಮೇಲೆ ನೀರು ಬಿದ್ದಿಲ್ಲವಷ್ಟೆ ಎಂದು ನೋಡಿದಳು. ಆಮೇಲೆ ಪುಸ್ತಕವನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.