ಕೂರಬಾರದ ಮಂಚ

ಆ ಮಂಚದ ಉದ್ದ ಐದು ಅಡಿ ನಾಲ್ಕು ಇಂಚು. ಮಾಡಿದ ಬಡಗಿಗೆ ಅದು ಗೊತ್ತಿತ್ತು, ಮಾಡಿಸಿದ ಕಂಪನಿಗೂ ಗೊತ್ತಿತ್ತು. ನೋಡಲು ಬರುವವರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಪಕ್ಕದ ಮೇಜು, ಬಟ್ಟೆಯ ಬೀರು, ಕುರ್ಚಿ ಎಲ್ಲವೂ ಅದೇ ಲೆಕ್ಕಕ್ಕೆ ಕುಗ್ಗಿದ್ದರಿಂದ ಕೋಣೆಯೇ ದೊಡ್ಡದಾಗಿ ಕಾಣುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಇಲ್ಲಿ ಚಾಚುವ ಮಾತೇ ಇರಲಿಲ್ಲ, ದಿಂಬಿನ ಮೇಲೆ ‘ದಯವಿಟ್ಟು ಕೂರಬೇಡಿ’ ಎಂಬ ಫಲಕ ಇಟ್ಟಿದ್ದರು.

ಅದು ಮಾದರಿ ಮನೆ. ಕಟ್ಟಡ ಇನ್ನೂ ತಳಪಾಯದಲ್ಲಿರುವಾಗಲೇ ಕಂಪನಿಯವರು ತಮ್ಮ ಕಚೇರಿಯ ಹಿಂದೆ ಒಂದು ಮನೆ ನಿಲ್ಲಿಸಿ, ನಿಮಗೆ ಸಿಗುವುದು ಇಂಥದ್ದೇ ಎಂದು ತೋರಿಸುತ್ತಾರೆ. ಇಂಥದ್ದೇ ಎನ್ನುತ್ತಾರೆ, ಇದೇ ಎನ್ನುವುದಿಲ್ಲ. ಅಸಲಿ ಕಟ್ಟಡದಲ್ಲಿ ದಪ್ಪ ಕಾಂಕ್ರೀಟು ಗೋಡೆ ಬರುವ ಕಡೆ ಇಲ್ಲಿ ಪ್ಲೈವುಡ್ಡು ನಿಲ್ಲಿಸಿ ಬಣ್ಣ ಬಳಿದಿದ್ದರು. ಒಳಬಾಗಿಲುಗಳಿಗೆ ಕದವೂ ಇರಲಿಲ್ಲ, ಚೌಕಟ್ಟೂ ಇರಲಿಲ್ಲ. ಹೀಗೆ ಗೋಡೆಗೆ ನಾಲ್ಕು ಇಂಚು, ಬಾಗಿಲಿಗೆ ಐದು ಇಂಚು ಗಿಟ್ಟಿಸಿಕೊಂಡು, ಆ ಗಿಟ್ಟಿದ ಜಾಗಕ್ಕೆ ಪರದೆ ಕಟ್ಟಿ ದೀಪ ಹಚ್ಚಿಟ್ಟಿದ್ದರು.

ಈ ಕೈಚಳಕ ಊರಿಗೆ ಹೊಸದು, ಊರೇ ಹೊಸದಾಗುತ್ತಿತ್ತು. ಒಂದು ಬಸ್ ನಿಲ್ದಾಣ, ಎರಡು ಚಿತ್ರಮಂದಿರ ಎಂದು ಬೆರಳಲ್ಲಿ ಎಣಿಸಿ ಮುಗಿಸಬಹುದಾಗಿದ್ದ ಊರು ಹತ್ತು ವರ್ಷದಲ್ಲಿ ಅಡ್ಡಾದಿಡ್ಡಿ ಬೆಳೆದಿತ್ತು. ಮೂಲೆಯಲ್ಲಿ ಸಿಮೆಂಟು ಮಾರುತ್ತಿದ್ದವರು ಕಟ್ಟಡ ಕಂಪನಿ ಮಾಡಿದ್ದರು, ಅವರ ಅಂಗಡಿಗೆ ಬಾಗಿಲು ಮಾಡಿಕೊಡುತ್ತಿದ್ದ ಬಡಗಿ ಅವರ ಮಾದರಿ ಮನೆಗಳ ಮೇಸ್ತ್ರಿಯಾಗಿದ್ದ. ತಗಡಿನ ಶೆಡ್ಡಿನಲ್ಲಿ ಒಬ್ಬನೇ ಉಳಿ ಹಿಡಿದು ಕೂತಿದ್ದವನ ಕೈಕೆಳಗೆ ಈಗ ಹನ್ನೊಂದು ಜನ. ಕಂಪನಿ ಕೊಟ್ಟ ಅಳತೆಗೆ ನಾನು ಮಾಡುತ್ತೇನೆ, ಸುಳ್ಳು ಹೇಳುವವನು ನಾನಲ್ಲ ಎಂದು ಅವನು ತನಗೆ ತಾನೇ ಆಗಾಗ ಹೇಳಿಕೊಳ್ಳುತ್ತಿದ್ದ. ಯಾರೂ ಕೇಳದೆ ಇದ್ದಾಗಲೂ ಹೇಳಿಕೊಳ್ಳುತ್ತಿದ್ದನೆಂದರೆ ಅವನ ಒಳಗು ಎಷ್ಟು ಹಗುರವಾಗಿತ್ತೆಂದು ನೀವೇ ಊಹಿಸಿ.

ಆ ಮಾದರಿ ಮನೆಗೆ ಒಂದು ದಿನ ಅವನ ಅಕ್ಕ ಬಂದಳು, ಗಾಲಿಕುರ್ಚಿಯಲ್ಲಿ ಭಾವನನ್ನು ತಳ್ಳಿಕೊಂಡು.

ಅಮ್ಮ ತೀರಿಕೊಂಡಾಗ ಬಡಗಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅಂದಿನಿಂದ ಅವಳೇ ಅಮ್ಮ. ಹೊಲಿಗೆ ಮಿಷನ್ನು ತುಳಿದು ಅವನನ್ನು ಓದಿಸಿದಳು, ಓದು ಹತ್ತದೆ ಇದ್ದಾಗ ಬಡಗಿ ಕೆಲಸಕ್ಕೆ ಹಚ್ಚಿದಳು. ನಲವತ್ತೆರಡರ ಗಂಡಸನ್ನು ಇವತ್ತಿಗೂ ನಾಲ್ಕು ಜನರ ಎದುರಿಗೆ ಪುಟ್ಟ ಎಂದೇ ಕರೆಯುತ್ತಿದ್ದಳು. ಹೊಲಿಗೆಯಲ್ಲಿ ಅವಳದು ಎತ್ತಿದ ಕೈ. ಅವಳು ಅಳತೆ ತೆಗೆದರೆ ಮುಗಿಯಿತು, ಇನ್ನೊಮ್ಮೆ ತೊಟ್ಟು ನೋಡುವ ಅಗತ್ಯವಿಲ್ಲ ಎಂದು ಬೀದಿಯೆಲ್ಲ ಹೇಳುತ್ತಿತ್ತು. ಭಾವ ನಗರದ ಬಸ್ಸಿನ ಚಾಲಕನಾಗಿದ್ದವನು, ಆರಡಿ ಆಳು. ಐದು ವರ್ಷದ ಹಿಂದೆ ಬೆನ್ನುಮೂಳೆ ಮುರಿದು ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲದಂತಾಯಿತು.

ಅವರಿದ್ದ ಗಲ್ಲಿಯನ್ನು ಅಂಗಡಿ ಸಂಕೀರ್ಣಕ್ಕೆಂದು ಇಡಿಯಾಗಿ ಕೊಂಡಿದ್ದರು. ಬಂದ ಹಣದಲ್ಲಿ ಅಕ್ಕ ಒಂದು ಮನೆ ಹಿಡಿಯಬೇಕಿತ್ತು. ಊರಿನ ಇನ್ನೊಂದು ಮಗ್ಗುಲಲ್ಲಿ ಒಂದು ಹಳೇ ಮನೆ ನೋಡಿ, ಟೇಪು ಹಿಡಿದು ಮೂಲೆ ಮೂಲೆ ಅಳೆದು ಬಂದಿದ್ದಳು. ಅಳತೆ ಚೆನ್ನಾಗಿತ್ತು, ಆದರೆ ಖಾಲಿ ಕೋಣೆಗಳು ಇಕ್ಕಟ್ಟಾಗಿ ಕಂಡವು, ಕಿಟಕಿ ತೆರೆದರೆ ಪಕ್ಕದವರ ಗೋಡೆ. ಭಾವನಿಗೆ ಬೇಕಿದ್ದದ್ದು ಒಂದೇ. ರಸ್ತೆ ಕಾಣಬೇಕು.

ಇಲ್ಲಿ ಮಲಗುವ ಕೋಣೆಗೆ ಬಾಲ್ಕನಿ ಇತ್ತು. ನಿಜವಾದ ಕಟ್ಟಡದಲ್ಲಿ ಅದು ಬಸ್ಸುಗಳು ತಿರುಗುವ ವೃತ್ತದ ಮೇಲಕ್ಕೇ ಬರುತ್ತದೆ ಎಂದು ಮಾರಾಟದ ಮ್ಯಾನೇಜರು ಚಿತ್ರ ತೋರಿಸಿದ. ಅಕ್ಕ ಕುರ್ಚಿ ತಳ್ಳಿದಳು. ಮುಂದಿನ ಹಾಲ್‌ನಿಂದ ಓಣಿಯಂಥ ದಾರಿ, ಅಲ್ಲಿಂದ ಕೋಣೆಗೆ ತಿರುವು, ಮಂಚದ ಪಕ್ಕದಲ್ಲೇ ಬಾಲ್ಕನಿ. ಕುರ್ಚಿ ಎಲ್ಲೂ ತಾಗಲಿಲ್ಲ. ಐದು ವರ್ಷದಲ್ಲಿ ಅಕ್ಕನ ಮುಖ ಅಷ್ಟು ಅರಳಿದ್ದನ್ನು ಬಡಗಿ ನೋಡಿರಲಿಲ್ಲ.

“ಟೇಪು ತಂದಿದ್ದೀರಾ ಅಮ್ಮ, ಅಳತೆ ಬೇಕಾದ್ರೆ ತಗೊಳ್ಳಿ,” ಎಂದ ಮ್ಯಾನೇಜರು, ಅವಳ ಕೊರಳಿನ ಟೇಪು ನೋಡಿ. ಹಾಗೆ ಹೇಳುತ್ತಲೇ ಬಡಗಿಯ ಕಡೆ ಒಂದು ಕಣ್ಣು ಹಾಯಿಸಿದ.

“ನನ್ನ ತಮ್ಮ ಮಾಡಿದ್ದಕ್ಕೆ ನಾನು ಟೇಪು ಹಿಡೀಲಾ?” ಎಂದು ಅಕ್ಕ ನಕ್ಕಳು. “ಅವನ ಕೈ ಹಿಡಿದು ಅಂಗುಲ ಎಣಿಸೋದು ಕಲಿಸಿದವಳೇ ನಾನು.”

ಭಾವ ಮಂಚದ ಪಟ್ಟಿಯ ಮೇಲೆ ಕೈಯಾಡಿಸಿದ. “ಏನಯ್ಯಾ, ಒಂದ್ಸಲ ಮಲಗಿ ನೋಡ್ಲಾ? ನೀವಿಬ್ಬರೂ ಸೇರಿ ಎತ್ತಿ ಹಾಕಿ. ನನ್ನಂಥ ಕಂಬಕ್ಕೆ ಸಾಲುತ್ತೋ ಇಲ್ವೋ ಗೊತ್ತಾಗುತ್ತೆ.”

ಬಡಗಿಯ ಬಾಯಿ ತಲೆಗಿಂತ ಮೊದಲು ಆಡಿತು. “ಬೇಡ ಭಾವ, ಪಾಲಿಶ್ ಇನ್ನೂ ಹಸಿ ಇದೆ.”

ಪಾಲಿಶ್ ಒಣಗಿ ಮೂರು ವಾರವಾಗಿತ್ತು. ಭಾವ ಕೈ ತೆಗೆದುಕೊಂಡು, ಅಂಗೈ ನೋಡಿಕೊಂಡು, ಅಂಗಿಗೆ ಒರೆಸಿಕೊಂಡ. ಅಂಟಿರದ ಪಾಲಿಶನ್ನು ಆ ಮನುಷ್ಯ ಒರೆಸಿಕೊಂಡದ್ದು ಬಡಗಿಯ ಕಣ್ಣಿನಿಂದ ಎಷ್ಟೋ ದಿನ ಹೋಗಲಿಲ್ಲ.

ಸಂಜೆ ಹೇಳಿಬಿಡೋಣ ಎಂದುಕೊಂಡ. ಸಂಜೆ ಮ್ಯಾನೇಜರು ಕರೆಸಿ, ಇನ್ನೂ ನಾಲ್ಕು ಕಡೆ ಕಟ್ಟಡ ಏಳುತ್ತಿದೆ, ನಾಲ್ಕೂ ಮಾದರಿ ಮನೆ ನಿನಗೇ ಎಂದ. ಭಾನುವಾರ ಹೇಳೋಣ ಎಂದುಕೊಂಡ. ಭಾನುವಾರ ಹೋದರೆ ಅಕ್ಕ ಬಾಲ್ಕನಿಗೆಂದು ಪರದೆ ಬಟ್ಟೆ ಕತ್ತರಿಸುತ್ತ ಕೂತಿದ್ದಳು. ಮಾತು ಬಾಯೊಳಗಿನ ಬಿಸಿತುಪ್ಪವಾಯಿತು. ಮುಂದಿನ ವಾರ ಅಕ್ಕ ಸಹಿ ಹಾಕಿದಳು. ಸಾಕ್ಷಿಯ ಜಾಗದಲ್ಲಿ ತಮ್ಮನೇ ಸಹಿ ಮಾಡಿದ.

ಎರಡು ವರ್ಷ ಬಾಡಿಗೆ ಮನೆಯಲ್ಲಿ ಕಳೆದು ಅವರು ಹೊಸ ಮನೆಗೆ ಬಂದ ದಿನ ಏನಾಯಿತೆಂದು ಹೇಳಬೇಕಾಗಿಲ್ಲ. ಹೇಳುತ್ತೇನೆ ಆದರೂ. ಕುರ್ಚಿ ಹಾಲ್ ದಾಟಿತು, ದಾರಿಯಲ್ಲಿ ನುಗ್ಗಿತು, ಕೋಣೆಯ ಬಾಗಿಲ ಬಳಿ ತಿರುಗಲಿಲ್ಲ. ಅಕ್ಕ ಹಿಂದೆಳೆದು ಮತ್ತೆ ತಿರುಗಿಸಿದಳು. ಭಾವನ ಬೆರಳಿನ ಗೆಣ್ಣು ಗೋಡೆಗೆ ಉಜ್ಜಿ ರಕ್ತ ಬಂತು. ಬಡಗಿ ಬಾಗಿಲು ಕಳಚಿದ, ಚೌಕಟ್ಟು ಕಿತ್ತ, ಚಕ್ರದ ಹೊರಗಿನ ಬಳೆ ಬಿಚ್ಚಿದ. ಆದರೂ ಎರಡು ಇಂಚು ಸಾಲಲಿಲ್ಲ. ಗೋಡೆ ಒಡೆಯುವಂತಿರಲಿಲ್ಲ, ಮೇಲಿನ ಏಳು ಮಹಡಿ ನಿಂತಿದ್ದು ಅದರ ಮೇಲೆ. ಒಮ್ಮೆ ಇಬ್ಬರು ಸೇರಿ ಭಾವನನ್ನು ಹೊತ್ತು ಬಾಲ್ಕನಿಗೆ ಒಯ್ದರು. ಬೆನ್ನಿನ ನೋವಿಗೆ ಆ ಗಟ್ಟಿ ಗಂಡಸು ಚೀರಿದ, ಡಾಕ್ಟರು ಇನ್ನೊಮ್ಮೆ ಹಾಗೆ ಎತ್ತಬೇಡಿ ಎಂದರು. ಅಲ್ಲಿಗೆ ಭಾವನ ಹಾಸಿಗೆ ಹಾಲಿನಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕಕ್ಕೆ ಬಿತ್ತು.

“ನನ್ನದೇ ತಪ್ಪು ಕಣೋ ಪುಟ್ಟ,” ಎಂದಳು ಅಕ್ಕ. “ಆವತ್ತು ತಿರುವು ಸರಿಯಾಗಿ ನೋಡಲಿಲ್ಲ. ನಿನ್ನನ್ನ ಒಂದು ಮಾತು ಕೇಳಬೇಕಿತ್ತು, ನೀನು ಹೇಳ್ತಿದ್ದೆ.”

ಆಗಲಾದರೂ ಹೇಳಬಹುದಿತ್ತು. ಬಡಗಿ ಚೌಕಟ್ಟಿನ ಮೊಳೆ ಆರಿಸುತ್ತ ತಲೆ ತಗ್ಗಿಸಿದ.

ಕಟ್ಟಡದಲ್ಲಿ ಮೋಸ ಹೋದವಳು ಅಕ್ಕ ಒಬ್ಬಳೇ ಅಲ್ಲ. ಕೆಳಗಿನ ಮಹಡಿಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಿಸ್ ಇದ್ದರು. ಅವರು ಮಾಡಿಸಿ ತಂದ ಮಂಚ ಕೋಣೆಯನ್ನೆಲ್ಲ ತಿಂದು ಹಾಕಿತ್ತು. ಮಾದರಿ ಮನೆಯಲ್ಲಿ ಮಂಚದ ಸುತ್ತ ನಾನು ಓಡಾಡಿದ್ದೆ, ಅಲ್ಲೇನೋ ಕಣ್ಕಟ್ಟು ಇದೆ, ಆ ಮಂಚವೇ ಗಿಡ್ಡ ಎಂದು ಅವರು ಮೂವತ್ತು ಮನೆಯವರನ್ನು ಸೇರಿಸಿದರು. ರುಜುವಾತಾದರೆ ಕಂಪನಿಯ ಮೇಲೆ ದಾವೆ ಹೂಡುವುದೆಂದು ಎಲ್ಲರೂ ಒಪ್ಪಿದರು.

ಆ ಸಭೆಯಲ್ಲಿ ಅಕ್ಕ ಎದ್ದು ನಿಂತಳಂತೆ. “ಕಂಪನಿ ಏನು ಮಾಡಿದೆಯೋ ನನಗೆ ಗೊತ್ತಿಲ್ಲ. ಮಂಚ ಮಾಡಿದವನು ನನ್ನ ತಮ್ಮ. ಅವನಿಗೆ ಗೊತ್ತಿದ್ದೂ ನಾನು ಮೋಸ ಹೋಗೋಕೆ ಬಿಡ್ತಾನಾ? ಬನ್ನಿ, ನಾನೇ ಅಳೆದು ತೋರಿಸ್ತೀನಿ,” ಎಂದಳಂತೆ. ಎರಡನೇ ಕಟ್ಟಡದ ಮಾರಾಟಕ್ಕೆ ಅದೇ ಮಾದರಿ ಮನೆ ಇನ್ನೂ ನಿಂತಿತ್ತು, ರಿಪೇರಿಗೆಂದು ಅದರ ಬೀಗದ ಕೈ ಬಡಗಿಯ ಹತ್ತಿರವೇ ಇರುತ್ತಿತ್ತು. ಅಕ್ಕ ಫೋನು ಮಾಡಿ, ಭಾನುವಾರ ಬೆಳಗ್ಗೆ ಕಚೇರಿ ತೆರೆಯುವ ಮೊದಲು ಬಾಗಿಲು ತೆಗಿ ಎಂದಳು. ಆಗುವುದಿಲ್ಲ ಎಂದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತಿತ್ತು. ಬಾಗಿಲು ತೆಗೆಯುವ ಮೊದಲೇ ಅಕ್ಕನಿಗೊಬ್ಬಳಿಗೇ ಹೇಳಿ ಕಾಲಿಗೆ ಬೀಳುತ್ತೇನೆ ಎಂದು ಅವನು ಹೊರಟ. ಹೋಗಿ ನೋಡಿದರೆ ಹೆಡ್‌ಮಿಸ್ಸು ನೋಟ್‌ಬುಕ್ ಹಿಡಿದು ಅಕ್ಕನ ಪಕ್ಕದಲ್ಲೇ ನಿಂತಿದ್ದರು.

ಒಳಗೆ ಹೋದರು. ಹೆಡ್‌ಮಿಸ್ಸಿಗೆ ಮಂಡಿನೋವು, ಹಾಲಿನಲ್ಲೇ ಒಂದು ಕುರ್ಚಿ ಎಳೆದುಕೊಂಡು, ಅದರ ಮೇಲಿನ ‘ಕೂರಬೇಡಿ’ ಫಲಕ ಎತ್ತಿಟ್ಟು ಕೂತರು. “ನೀನು ಅಳೆದು ಕೂಗಮ್ಮ, ನಾನು ಬರ್ಕೋತೀನಿ. ನಿನ್ನ ಟೇಪಿನ ಮೇಲೆ ನನಗೆ ನಂಬಿಕೆ ಇದೆ.”

ಕೋಣೆಯಲ್ಲಿ ಅಕ್ಕ, ತಮ್ಮ ಇಬ್ಬರೇ. “ತುದಿ ಹಿಡ್ಕೊ,” ಎಂದಳು ಅಕ್ಕ. ಬಡಗಿ ತಲೆಯ ಕಡೆ ಟೇಪಿನ ತುದಿ ಒತ್ತಿ ಹಿಡಿದ. ಹೊಲಿಗೆಯ ಟೇಪು ಅರವತ್ತು ಇಂಚು. ಅದು ಮುಗಿದಲ್ಲಿ ಅವಳು ಉಗುರಿನಿಂದ ಗೆರೆ ಎಳೆದು, ಟೇಪನ್ನು ಮುಂದಕ್ಕೆ ಸರಿಸಿ, ಉಳಿದದ್ದನ್ನು ಅಳೆಯಲು ಬಗ್ಗಿದಳು. ಮಾಮೂಲಿ ಮಂಚವಾದರೆ ಹದಿನೈದು ಇಂಚು ಉಳಿಯಬೇಕಿತ್ತು. ನಾಲ್ಕು ಇಂಚಿಗೆ ಮಂಚ ಮುಗಿಯಿತು.

ಅಕ್ಕ ಇನ್ನೊಂದು ಸಲ ಅಳೆದಳು. ಆಮೇಲೆ ನೆಟ್ಟಗೆ ನಿಂತು ಗೋಡೆಗೆ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಒಮ್ಮೆ ಬಡಿದಳು. ಟೊಳ್ಳು ಸದ್ದು ಬಂತು. ಕದವಿಲ್ಲದ ಬಾಗಿಲನ್ನು ನೋಡಿದಳು. ಕೊನೆಗೆ ತಮ್ಮನನ್ನು ನೋಡಿದಳು. ಅವಳು ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಎಲ್ಲೋ ನೋಡಿದ್ದೇನೆ, ಯಾರೆಂದು ನೆನಪಾಗುತ್ತಿಲ್ಲ ಎನ್ನುವವರ ಹಾಗೆ ನೋಡುತ್ತಿದ್ದಳು.

“ಎಷ್ಟಮ್ಮಾ?” ಹಾಲಿನಿಂದ ಹೆಡ್‌ಮಿಸ್ ಕೇಳಿದರು.

ಅಕ್ಕ ಕೈಯಲ್ಲಿದ್ದ ಟೇಪು ನೋಡಿದಳು. “ಒಂದು ಟೇಪು,” ಎಂದಳು. ಸ್ವಲ್ಪ ತಡೆದು, “ಮೇಲೆ ಹದಿನೈದು ಇಂಚು. ಆರೂಕಾಲು ಅಡಿ. ಸರಿಯಾಗೇ ಇದೆ,” ಎಂದಳು.

“ಹಾಗಾದ್ರೆ ನಮ್ಮ ಕಣ್ಣೇ ಸರಿ ಇಲ್ಲ ಬಿಡು. ನೀನು ಹೇಳಿದ ಮೇಲೆ ಮುಗೀತು,” ಎಂದು ಹೆಡ್‌ಮಿಸ್ ಬರೆದುಕೊಂಡರು. ದಾವೆಯ ಮಾತು ಅಲ್ಲಿಗೇ ಸತ್ತಿತು. ಮೂವತ್ತು ಮನೆಯವರು ತಮ್ಮ ಕಣ್ಣನ್ನು ತಾವೇ ಬೈದುಕೊಳ್ಳುವುದಷ್ಟೇ ಉಳಿಯಿತು.

ಹೆಡ್‌ಮಿಸ್ ಆಟೊ ಹತ್ತಿ ಹೋದರು. ಫುಟ್‌ಪಾತಿನಲ್ಲಿ ಅಕ್ಕ ಟೇಪು ಸುತ್ತುತ್ತಿದ್ದಳು. ಸುತ್ತು ಸರಿಯಾಗದೆ ಮತ್ತೆ ಬಿಚ್ಚಿ ಸುತ್ತಿದಳು.

“ಅಕ್ಕಾ,” ಎಂದ ಬಡಗಿ.

“ಇಷ್ಟು ವರ್ಷದಲ್ಲಿ ಒಬ್ಬರಿಗೂ ನಾನು ತಪ್ಪು ಅಳತೆ ಹೇಳಿಲ್ಲ,” ಎಂದಳು ಅಕ್ಕ. ದನಿ ಏರಲಿಲ್ಲ. “ಇವತ್ತು ಹೇಳಿದೆ. ನಿಜ ಹೇಳಿದ್ರೆ ಅಷ್ಟು ಜನ ನಿನ್ನ ಬಾಗಿಲಿಗೆ ಬರ್ತಿದ್ರು, ಅದನ್ನ ನೋಡೋ ಶಕ್ತಿ ನನಗಿಲ್ಲ. ನನ್ನ ಕೈಲಿ ಆಗೋದು ಇಷ್ಟೇ ಕಣೋ. ಇನ್ಮೇಲೆ ಮನೆಗೆ ಬರಬೇಡ.”

“ಭಾವಂಗೆ ಏನು ಹೇಳ್ತೀಯಾ?”

“ಕೆಲಸ ಜಾಸ್ತಿ ಅಂತೀನಿ. ಅದೇನು ಸುಳ್ಳಲ್ಲವಲ್ಲ.”

ಬಸ್ಸು ಬಂತು, ಹತ್ತಿದಳು. ತಿರುಗಿ ನೋಡಲಿಲ್ಲ. ಬಡಗಿ ಅದು ತಿರುವಿನಲ್ಲಿ ಮರೆಯಾಗುವ ತನಕ ನಿಂತು, ಅಲ್ಲೇ ರಸ್ತೆಯ ಅಂಚಿನಲ್ಲಿ ಕೂತು ಅತ್ತ. ಅಮ್ಮ ಸತ್ತಾಗ ಅಳಲು ಅಕ್ಕನ ಮಡಿಲಾದರೂ ಇತ್ತು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಡಗಿ ತನ್ನ ಕಾರ್ಖಾನೆಯಲ್ಲಿರುವಾಗ ಭಾವನ ಫೋನು ಬಂತು. ಕೈಕೆಳಗಿನ ಹನ್ನೊಂದು ಜನ ಈಗ ಇಪ್ಪತ್ತಾಗಿದ್ದರು. ಗರಗಸದ ಸದ್ದಿಗೆ ಕೇಳಿಸದೆ ಬಡಗಿ ಹೊರಗೆ ಬಂದು ನಿಂತ.

“ಏನಯ್ಯಾ, ದೊಡ್ಡ ಮನುಷ್ಯ ಆಗ್ಬಿಟ್ಟೆ? ಉಸಿರಾಡೋಕೂ ಪುರಸೊತ್ತಿಲ್ಲವಂತೆ, ನಿಮ್ಮಕ್ಕ ಹೇಳಿದ್ಲು. ಆಗಲಿ ಬಿಡು, ನಮ್ಮವನೊಬ್ಬ ಬೆಳೀತಿದ್ದಾನೆ ಅಂದ್ರೆ ನಮಗೂ ಖುಷಿನೇ.”

ಬಡಗಿ ಗರಗಸದಿಂದ ಇನ್ನಷ್ಟು ದೂರ ನಡೆದ. “ಹೇಗಿದ್ದೀರಾ ಭಾವ?”

“ನನಗೇನಪ್ಪಾ, ರಾಜನ ಹಾಗಿದ್ದೀನಿ. ಸಂಜೆ ಆದ್ರೆ ನಿಮ್ಮಕ್ಕ ಮಿಷನ್ನು ನಿಲ್ಲಿಸಿ ಬಾಲ್ಕನಿಗೆ ಹೋಗಿ ನಿಲ್ತಾಳೆ. ಯಾವ ಬಸ್ಸು ಬಂತು, ಎಷ್ಟು ಜನ ಇಳಿದ್ರು, ಡ್ರೈವರ್ ತಿರುವು ಹೇಗೆ ತಗೊಂಡ, ಎಲ್ಲಾ ಅಲ್ಲಿಂದ ಕೂಗಿ ಹೇಳ್ತಾಳೆ. ನಾನು ಹಾಲಿನಲ್ಲಿ ಕಣ್ಣು ಮುಚ್ಚಿ ಕೇಳ್ತೀನಿ. ಅವಳು ಇದ್ದದ್ದನ್ನ ಇದ್ದ ಹಾಗೆ ಹೇಳೋಳು ಅಲ್ವಾ, ನನಗೆ ನಾನೇ ನೋಡಿದ ಹಾಗಾಗುತ್ತೆ.”